ಗಂಜಿ ಹಚ್ಚಿದ ನೂಲು

ಮಕ್ಕಳೇ, ಮುಂಜಾನೆ ಏಳಕ್ಕೆ ಇಳಕಲ್ಲಿನಲ್ಲಿ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ಹುನಗುಂದದಲ್ಲಿ ಚಹಾ ಕುಡಿದೆ. ಕಮತಗಿ ದಾಟುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಮಡಿಲಲ್ಲಿ ಕೆಂಪು ನೂಲಿನ ಸುರುಳಿ. ನಿಮ್ಮ ಮುತ್ಯಾ, ನನ್ನ ಯಜಮಾನರು, ಮಗ್ಗಕ್ಕೆ ಹೂಡಬೇಕೆಂದು ಸಿದ್ಧಮಾಡಿಟ್ಟು ಹೋದ ಕಡೆಯ ಹಾಸು ಅದು, ಸೀರೆಯ ಉದ್ದಕ್ಕೆ ಹೋಗುವ ಎಳೆ. ಅವರು ತೀರಿಕೊಂಡ ಮೇಲೆ ಆರು ವರ್ಷ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ನಿಮ್ಮ ಅಕ್ಕ ಸುಮಾ ಸಣ್ಣ ನೂಲು ಬೇಕೆಂದಾಗ ಇದೇ ನೆನಪಾಯಿತು.

ಕಾಲೇಜಿನಲ್ಲಿ ಗಾಜಿನ ಕಿಟಕಿಯ ಉದ್ದನೆಯ ಪೆಟ್ಟಿಗೆಯೊಂದಿತ್ತು, ತುದಿಗೆ ದೊಡ್ಡ ಫ್ಯಾನು. ಗಾಳಿ ಸುರಂಗವಂತೆ. ಒಳಗೆ ಸುಮಾ ವರ್ಷವಿಡೀ ಉಜ್ಜಿ ಮಾಡಿದ, ಹಿಂದಕ್ಕೆ ವಾಲಿದ ವಿಮಾನದ ಬಿಳಿ ರೆಕ್ಕೆ. ಅದರ ಮೇಲೆ ಬೆರಳುದ್ದದ ನೂಲುಗಳನ್ನು ಸಾಲಾಗಿ ಅಂಟಿಸಿದಳು. ಗಾಳಿ ಹೋದ ದಾರಿಯನ್ನು ನೂಲು ತೋರಿಸಬೇಕು. ಫ್ಯಾನು ತಿರುಗಿತು. ನೂಲುಗಳು ಗಾಳಿಗೆ ಬಾಗದೆ ಕಡ್ಡಿಯಂತೆ ನಿಂತವು.

"ರೆಕ್ಕಿ ಆಕಾರನ ತಪ್ಪೈತಿ," ಎಂದರು ಅವಳ ಸರ್. "ನಾಳಿ ಪರೀಕ್ಷಾ ಬಿಟ್ಟುಬಿಡು. ಹೊಸಾದ್ ಮಾಡು."

ಸುಮಾ ತಲೆ ತಗ್ಗಿಸಿದಳು. ಬಾಗಿಲ ಬಳಿ ನಿಂತಿದ್ದ ನನಗೆ ಕಾರಣ ಹೊಳೆಯಿತು. ಮಗ್ಗಕ್ಕೆ ಹೂಡುವ ಹಾಸುನೂಲಿಗೆ ನಾವು ಗಂಜಿ ಹಚ್ಚಿ ಗಟ್ಟಿಮಾಡುತ್ತೇವೆ, ಆ ಗಂಜಿಯ ಸಮೇತ ತಂದಿದ್ದೆ. ನಾನು ಕುದಿಸಿದ ಗಂಜಿ, ಓಣಿಯಲ್ಲಿ ನೂಲು ಚಾಚಿ ನಿಮ್ಮ ಮುತ್ಯಾ ಕುಂಚದಿಂದ ಹಚ್ಚಿದ್ದು. ನಾಲ್ಕನೆಯ ಇಯತ್ತೆಯವರೆಗೆ ಶಾಲೆಗೆ ಹೋದರೂ ಮಾಸ್ತರರ ಮುಂದೆ ಬಾಯಿ ತೆರೆದವಳಲ್ಲ ನಾನು. ಆದರೂ ಅಂದೆ:

"ರೆಕ್ಕಿ ಛಲೋ ಐತ್ರಿ. ನೂಲಿಗೆ ಗಂಜಿ ಐತ್ರಿ."

"ಮೊದಲ ಹೇಳಬಾರದೇನ್ರಿ ಅಜ್ಜಿ?" ಎಂದರು ಸರ್.

"ನೀವು ಕೇಳಲಿಲ್ರಿ."

ಸರ್ ನಕ್ಕರು. ಸುಮಾ ನನ್ನ ಕೈ ಹಿಡಿದಳು. "ಆಯಿ, ಅದು ಮುತ್ಯಾ ಹಚ್ಚಿದ್ದಲಾ? ತೊಳಿಯೂದು ಬ್ಯಾಡ. ಬ್ಯಾರೆ ನೂಲು ತರ್ತೇನಿ."

"ಇಂಥಾ ಸಣ್ಣಂದು ಇವತ್ತ ಎಲ್ಲಿಂದ ತರ್ತಿ? ಬಿಸಿನೀರು ತಾ."

ಒಂದು ಹಿಡಿ ನೂಲು ಕತ್ತರಿಸಿ ಬಕೆಟ್ಟಿನಲ್ಲಿ ನಾನೇ ತೊಳೆದೆ. ನೀರು ಬೆಳ್ಳಗಾಯಿತು. ಗಂಜಿಯ ವಾಸನೆ ಒಮ್ಮೆ ಎದ್ದು ಹೋಯಿತು. ಆ ನೀರನ್ನು ಮೋರಿಗೆ ಚೆಲ್ಲಲು ಮನಸ್ಸಾಗದೆ ಅಂಗಳದ ಬೇವಿನ ಬುಡಕ್ಕೆ ಹೊಯ್ದೆ.

ಒಣಗಿಸಿ ಮತ್ತೆ ಅಂಟಿಸಿದೆವು. ಈ ಸಲ ನೂಲುಗಳೆಲ್ಲ ಹಿಂದಕ್ಕೆ ಮಲಗಿ, ರೆಕ್ಕೆಯ ತುದಿಯ ಕಡೆಗೆ ಓರೆಯಾದವು. ತುದಿಯಲ್ಲಿ ಮಾತ್ರ ನಡುಗಿ ಸುಳಿಯಾದವು. "ಗಾಳಿ ಹಿಂಗ ಹೊಂಟೈತಿ, ಬರಕೋ. ನಾಳಿ ಪರೀಕ್ಷಾಕ್ಕ ಬಾ," ಎಂದರು ಸರ್.

ನಾಲ್ಕರ ಬಸ್ಸಿಗೆ ಹೊರಟೆ. ಉಳಿದ ಸುರುಳಿಯನ್ನು ತೊಳೆದಿಲ್ಲ. ಕಮತಗಿ ದಾಟಿದ ಮೇಲೆ ಬೆರಳುದ್ದದ ಎಳೆ ಹರಿದು ಕಿಟಕಿಯ ಗಾಳಿಗೆ ಹಿಡಿದೆ. ಯಾರಿಗೂ ಬಾಗದ ನಿಮ್ಮ ಮುತ್ಯಾನ ಹಾಗೆಯೇ ಸೆಟೆದು ನಿಂತಿತು. ಹುನಗುಂದ ಬರುವವರೆಗೂ ಹಿಡಿದೇ ಕೂತಿದ್ದೆ.