ಹಲ್ಲಿ ದೊಡ್ಡಮ್ಮನ ಪೌಡರ್

ನಮ್ಮ ದೊಡ್ಡಮ್ಮನ ಅಂಗೈ ಸದಾ ಬೆವರುತ್ತಿತ್ತು. ಅವಳಿಗೆ ಪ್ರಯೋಗಾಲಯದ ಹಲ್ಲಿ ಕೋಣೆಯಲ್ಲಿ ಕೆಲಸ. ಹಾಗಾಗಿ ಮನೆಮಂದಿಗೆಲ್ಲ ಅವಳು ಹಲ್ಲಿ ದೊಡ್ಡಮ್ಮ. ರಬ್ಬರ್ ಕೈಗವಸು ಸಲೀಸಾಗಿ ಏರಲೆಂದು ಕದ್ದುಮುಚ್ಚಿ ಪೌಡರ್ ಹಚ್ಚಿಕೊಳ್ಳುತ್ತಿದ್ದಳು. ಪೌಡರ್ ಬೇಡವೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನಾವು ಹೇಳಿದ್ದನ್ನೇ ಕೇಳದವಳು ಗೋಡೆಯ ಮಾತು ಕೇಳುತ್ತಾಳೆಯೇ?

ಹಲ್ಲಿಯನ್ನು ಗಾಜಿನ ಮೇಲೆ ಬಿಟ್ಟು, ಗಾಜನ್ನು ನಿಧಾನವಾಗಿ ತಲೆಕೆಳಗು ಮಾಡಿ, ಅದು ಎಷ್ಟು ಹೊತ್ತು ಅಂಟಿಕೊಂಡಿರುತ್ತದೆಂದು ನೋಡುವುದು ಅಲ್ಲಿನ ಪರೀಕ್ಷೆ. ಹಿಡಿದು ಬಿಡುವವಳು ದೊಡ್ಡಮ್ಮ, ಗಾಜು ತಿರುಗಿಸುವವಳು ಸಂಶೋಧನೆಯ ಹುಡುಗಿ. ಅಲ್ಲಿದ್ದವೆಲ್ಲ ಹೆಬ್ಬೆರಳಿನ ಉಗುರಿನಷ್ಟು ಪುಟಾಣಿಗಳು. ಅವಕ್ಕೆ ಮೈಭಾರವೇ ಇಲ್ಲ, ಪಾದದ ಹಿಡಿತ ಮಾತ್ರ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಕೈಗವಸಿನ ಹೊರಗೆ ಅಂಟಿದ ಪೌಡರ್ ಕಾಲಿಗೆ ಒಂದಿಷ್ಟು ಮೆತ್ತಿದರೂ ಜಪ್ಪಯ್ಯ ಅಂದರೂ ಬೀಳುತ್ತಿರಲಿಲ್ಲ. ದೊಡ್ಡಮ್ಮನ ಗುಟ್ಟೂ ಹಾಗೇ ಬಚಾವಾಗಿತ್ತು.

ಒಂದು ಬೆಳಿಗ್ಗೆ ಹುಡುಗಿ ಅಂಗೈಯಗಲದ ಹಲ್ಲಿ ತಂದಳು. ಮೈ ಬೆಳೆದಷ್ಟು ಹಿಡಿತ ಬೆಳೆಯುವುದಿಲ್ಲ. ದೊಡ್ಡದಕ್ಕೆ ಹಿಡಿತದಲ್ಲಿ ಅಂಥ ಧಾರಾಳವಿಲ್ಲ. ಗಾಜು ತಲೆಕೆಳಗಾಗುತ್ತಲೇ ಅದು ಜಾರಿ ಸಿಮೆಂಟ್ ನೆಲಕ್ಕೆ ಬಿತ್ತು. ಮತ್ತೆ ಅಲುಗಲಿಲ್ಲ.

"ಅಯ್ಯೋ, ನಾನೇ ಜೋರಾಗಿ ತಿರುಗಿಸ್ಬಿಟ್ಟೆ!" ಎಂದು ಹುಡುಗಿ ಅತ್ತಳು.

ಹಲ್ಲಿಯನ್ನೆತ್ತಿದ ದೊಡ್ಡಮ್ಮನಿಗೆ ಅದರ ಪಾದಗಳಲ್ಲಿ ಬಿಳಿ ಪುಡಿ ಕಂಡಿತು. ಯಾರೂ ನೋಡುವ ಮೊದಲೇ ಅದನ್ನು ಏಪ್ರನ್ನಿಗೆ ಒರೆಸಿಬಿಟ್ಟಳು.

ಅಂದಿನಿಂದ ಹುಡುಗಿ ಗಾಜು ಮುಟ್ಟಲೂ ಹೆದರುತ್ತಿದ್ದಳು. ದೊಡ್ಡಮ್ಮ ದಿನಾ ಟೀ ಕೊಟ್ಟು, ಬೆನ್ನು ಸವರಿ, "ಅದರ ಆಯಸ್ಸೇ ಅಷ್ಟು ಬಿಡಮ್ಮ" ಎನ್ನುತ್ತಿದ್ದಳು. ಇದನ್ನೆಲ್ಲ ನನ್ನ ಮುಂದೆ ಬಾಯಿಬಿಟ್ಟಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಮಹಾತಾಯಿ, ಮೊದಲು ಹೋಗಿ ಅವಳಿಗೆ ಹೇಳು" ಎಂದೆ.

"ನಾಳೆ ಹೇಳ್ತೀನಿ" ಎಂದಳು. ಆ ನಾಳೆ ಬರಲೇ ಇಲ್ಲ. ಕೊನೆಗೆ ಹುಡುಗಿ ಈ ಕೆಲಸವೇ ಬೇಡವೆಂದು ಚೀಲ ತುಂಬಿಕೊಳ್ಳತೊಡಗಿದಾಗ ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತು ಎಲ್ಲವನ್ನೂ ಹೇಳಿದಳು.

ಹುಡುಗಿ ಬೈಯಲಿಲ್ಲ. ಬೈದಿದ್ದರೆ ದೊಡ್ಡಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

"ದಿನಾ ಟೀ ಕೊಟ್ಟು ಬೆನ್ನು ಸವರ್ತಿದ್ರಲ್ಲ ಆಂಟಿ," ಎಂದಳು ಹುಡುಗಿ, "ಗೊತ್ತಿದ್ದೂ ಸವರ್ತಿದ್ರಾ?"

ದೊಡ್ಡಮ್ಮ "ಹೂಂ" ಅಂದಳಂತೆ. ಅದನ್ನು ನನಗೆ ಹೇಳುವಾಗಲೂ ಪೌಡರ್ ಇಲ್ಲದ ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇದ್ದಳು.