ಹಾವಿಗೆ ಹೂಂ ಅಂದ ಮೇಲೆ

ಮೊಮ್ಮಗಳು ಬಂದು ನನ್ನ ಮಡಿಲಲ್ಲಿ ಕೂತಳು. ಹತ್ತು ವರ್ಷದ ಹುಡುಗಿ, ಕಾಲು ಆಗಲೇ ನೆಲಕ್ಕೆ ತಾಗುತ್ತಿತ್ತು. ನಾನು ಊರಿನಿಂದ ದೋಹಾಕ್ಕೆ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅವಳ ಕೋಣೆಯಲ್ಲೇ ನನ್ನ ಮಂಚ, ಆದರೂ ನಮ್ಮಿಬ್ಬರ ನಡುವೆ ಮಾತು ಕಡಿಮೆ. ಮೂರನೇ ಕ್ಲಾಸು ಓದಿದ ನನಗೆ ಅವಳ ಇಂಗ್ಲಿಷ್ ತಿಳಿಯದು, ಅವಳಿಗೆ ನನ್ನ ಕನ್ನಡ ಅರ್ಧವೇ ತಿಳಿಯುವುದು. ಅಂಥವಳು ಆ ದಿನ ತಾನಾಗಿ ಬಂದು ಕುತ್ತಿಗೆಗೆ ಕೈ ಹಾಕಿ, "ಅಜ್ಜೀ, ಇನ್ನೊಂದು ಪೆಟ್ ತರ್ಲಾ? ನೀನು ಹೂಂ ಅಂದ್ರೆ ಓಕೆ ಅಂತ ಪಪ್ಪ ಹೇಳಿದ್ರು" ಅಂದಳು.

ನನ್ನ ಕಾಲು ಭೂಮಿಯ ಮೇಲೆ ನಿಲ್ಲಲಿಲ್ಲ. "ಒಂದು ಯಾಕೆ ಮಗಾ, ಹತ್ತು ತಾ!" ಅಂದುಬಿಟ್ಟೆ. ಯಾವ ಪ್ರಾಣಿ ಎಂದು ಕೇಳಬೇಕು ಅಂತಲೂ ಹೊಳೆಯಲಿಲ್ಲ.

ಹಾವು!

ಸಂಜೆ ಆಫೀಸಿನಿಂದ ಬಂದ ಮಗ ತಲೆಯ ಮೇಲೆ ಕೈಹೊತ್ತು ಕೂತ. "ಎಂತ ಮಾಡಿದ್ದಮ್ಮ ನೀನು? ಪ್ರತಿ ವರ್ಷ ನಾಗನಿಗೆ ತನು ಎರೆಯುವವಳು, ಖಂಡಿತ ಬೇಡ ಅಂತಿ ಅಂತಲೇ ನಿನ್ನ ಮೇಲೆ ಹಾಕಿದ್ದು ನಾನು."

"ನನಗೆಂತ ಗೊತ್ತು ಮಾರಾಯಾ? ಬೆಕ್ಕೋ ಮೊಲವೋ ಅಂದುಕೊಂಡೆ."

"ಅದು ಎಂತ ತಿಂತದೆ ಗೊತ್ತುಂಟಾ? ಇಲಿ. ಐಸ್ ಆದ ಸತ್ತ ಇಲಿ. ಇನ್ನು ಫ್ರೀಜರಲ್ಲಿ ನಿನ್ನ ಬಂಗುಡೆ ಮೀನಿನ ಪಕ್ಕದಲ್ಲೇ ಇಡು."

ನನಗೆ ನಗು ಬರಲಿಲ್ಲ. ಕುಟುಂಬದ ಬನದಲ್ಲಿ ನಾಗನ ಕಲ್ಲಿಗೆ ಹಾಲು, ಎಳನೀರಿನ ತನು ಎರೆಯುವುದನ್ನು ನೋಡುತ್ತ ಬೆಳೆದವಳು ನಾನು. ಅಂಗಳಕ್ಕೆ ಹಾವು ಬಂದರೆ ಕೈಮುಗಿದು, ಅದು ತಾನಾಗಿ ಹೋಗುವವರೆಗೆ ನಿಲ್ಲುತ್ತಿದ್ದೆವು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಡುವುದೇ? ಇನ್ನೊಂದು ಹೆದರಿಕೆ ಮನೆಯೊಳಗೇ ಇತ್ತು. ಸೂಕ್ ವಾಕಿಫ್ ಸಂತೆಯಿಂದ ತಂದ ಎರಡು ಲವ್‌ಬರ್ಡ್ಸ್, ಒಂದು ಹ್ಯಾಮ್‌ಸ್ಟರ್. ಹ್ಯಾಮ್‌ಸ್ಟರ್ ಅಂದರೆ ಇಲಿಯ ಜಾತಿಯದೇ, ಮುಷ್ಟಿಯಷ್ಟು ದೊಡ್ಡದು, ಬಾಲ ಇದ್ದೂ ಇಲ್ಲದ ಹಾಗೆ. ಮಗ, ಸೊಸೆ, ಮಗು ಹೊರಗೆ ಹೋದ ಮೇಲೆ ನನಗೆ ಅವೇ ಜನ. ಬೆಳಿಗ್ಗೆ ಹ್ಯಾಮ್‌ಸ್ಟರ್ ನನ್ನ ಸೆರಗಿನೊಳಗೆ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿತ್ತು.

ಬೇಡ ಅನ್ನಬಹುದಿತ್ತು. ಆದರೆ ಬೇಡ ಅಂದರೆ ಮಡಿಲಲ್ಲಿ ಬಂದು ಕೂತವಳು ಎದ್ದು ಹೋಗುತ್ತಾಳೆ. ಅಷ್ಟು ಧೈರ್ಯ ನನಗೆ ಬರಲಿಲ್ಲ.

ದೇಶ ಬಿಟ್ಟು ಹೋಗಲಿದ್ದ ಒಬ್ಬ ಬಿಳಿ ಹೆಂಗಸು ತಾನು ಸಾಕಿದ ಎರಡು ಹಾವುಗಳನ್ನು ಯಾರಿಗಾದರೂ ಕೊಟ್ಟು ಹೋಗುವವಳಿದ್ದಳು. ಶುಕ್ರವಾರ ಅವಳ ಮನೆಗೆ ಹೋದೆವು. ಮಗ ಕಾರಿನಿಂದ ಇಳಿಯಲೇ ಇಲ್ಲ. "ನೀವಿಬ್ಬರೇ ಹೋಗಿ. ಹೂಂ ಅಂದವಳು ನೀನಲ್ಲವಾ?"

ಒಂದು ಹಾವು ನನ್ನ ತೋಳಿನಷ್ಟು ದಪ್ಪ, ಮುದ್ದೆಯಾಗಿ ಬಿದ್ದುಕೊಂಡಿತ್ತು. ಇನ್ನೊಂದು ಹೆಬ್ಬೆರಳಿನಷ್ಟು, ಕೇಸರಿ ಬಣ್ಣದ್ದು. ಮೊದಲ ಸಲ ಸಾಕುವವರಿಗೆ ಸಣ್ಣದೇ ಸರಿ, ಸಾಧು, ವಾರಕ್ಕೊಮ್ಮೆ ತಪ್ಪದೆ ತಿನ್ನುತ್ತದೆ ಎಂದು ಆ ಹೆಂಗಸು ಹೇಳಿದ್ದನ್ನು ಮೊಮ್ಮಗಳು ತನಗೆ ಬಂದ ಕನ್ನಡದಲ್ಲಿ ನನಗೆ ಹೇಳಿದಳು. "ಮುಟ್ಟಜ್ಜಿ. ಬೈಟ್ ಮಾಡಲ್ಲ."

ಮನಸ್ಸಿನಲ್ಲೇ ನಾಗನಿಗೆ ಕೈಮುಗಿದು ಬೆರಳು ಚಾಚಿದೆ. ನುಣ್ಣಗೆ, ಗಾಜಿನ ಬಳೆಯ ಹಾಗೆ ತಣ್ಣಗಿತ್ತು. ಅದು ನಾಲಿಗೆ ಆಡಿಸುತ್ತ ನನ್ನ ಬೆರಳು ದಾಟಿತು, ಮಣಿಕಟ್ಟು ದಾಟಿತು, ಸೀದಾ ಸೆರಗಿನ ಮಡಿಕೆಯೊಳಗೆ ಮೂತಿ ತೂರಿಸಿ ಹುಡುಕತೊಡಗಿತು. ಬೆಳಿಗ್ಗೆ ಹ್ಯಾಮ್‌ಸ್ಟರ್ ಕೂತಿದ್ದ ಜಾಗ ಅದು. ಎರಗಲು ಹೊರಟ ಹಾವಿನ ಕುತ್ತಿಗೆ ಕೊಕ್ಕೆಯ ಹಾಗೆ ಬಾಗಿತು. ಹೆಂಗಸು ಸರಕ್ಕನೆ ಅದನ್ನು ಎತ್ತಿಕೊಂಡು ಏನೋ ಕೇಳಿದಳು. ಮೊಮ್ಮಗಳು ತಲೆ ತಗ್ಗಿಸಿದಳು.

"ಎಂತ ಕೇಳ್ತಿದ್ದಾಳೆ?"

"ಮನೆಯಲ್ಲಿ ಸಣ್ಣ ಪ್ರಾಣಿ ಉಂಟಾ ಅಂತ."

"ಮೊದಲೇ ಹೇಳ್ಲಿಲ್ವಾ ನೀನು?"

"ಫೋನಲ್ಲಿ ಕೇಳಿದ್ರು. ನಾನು ನೋ ಅಂದೆ."

ಆ ಹೆಂಗಸು ಬೈಯಲಿಲ್ಲ. ಹಾವು, ಹ್ಯಾಮ್‌ಸ್ಟರ್ ಬೇರೆ ಬೇರೆ ಕೋಣೆಯಲ್ಲಿರಬೇಕು, ಪೆಟ್ಟಿಗೆಗೆ ಬೀಗ ಬೇಕು, ಒಂದನ್ನು ಮುಟ್ಟಿದರೆ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬಾರದು, ಹಾವಿನ ವಾಸನೆಗೇ ಆ ಸಣ್ಣ ಜೀವ ನಡುಗುತ್ತದೆ ಎಂದಳು. ಒಂದೇ ಕೋಣೆಯಾದರೆ ಕೊಡುವುದಿಲ್ಲ. ನಮ್ಮದು ಎರಡು ಕೋಣೆಯ ಮನೆ. ಮಗ ಸೊಸೆಗೆ ಒಂದು. ಇನ್ನೊಂದರಲ್ಲಿ ಮಗು, ನಾನು, ಹಕ್ಕಿಗಳು, ಹ್ಯಾಮ್‌ಸ್ಟರ್.

"ಹಾವೇ ಯಾಕೆ ಮಗಾ?" ಎಂದು ಆಗ ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು.

"ಹ್ಯಾಮ್‌ಸ್ಟರ್ ಟೂ ಇಯರ್ಸ್ ಅಷ್ಟೇ ಅಜ್ಜಿ. ನನ್ನ ಫ್ರೆಂಡ್ ಹೋದ್ಲು, ಅವಳ ಪಪ್ಪನ ಜಾಬ್ ಖಲಾಸ್. ನೀನೂ ಹೋಗ್ತಿ. ಇದು ಟ್ವೆಂಟಿ ಇಯರ್ಸ್ ಇರ್ತದೆ."

ಆ ಹೆಂಗಸಿಗೆ ನಮ್ಮ ಮಾತು ತಿಳಿಯಲಿಲ್ಲ. ಹಾವನ್ನು ಮಣಿಕಟ್ಟಿಗೆ ಸುತ್ತಿಕೊಂಡು ನಿಂತಿದ್ದಳು. ಎಷ್ಟೋ ಕಾಲ ಜೊತೆಗಿರುತ್ತದೆ ಅಂತಲೇ ಅವಳೂ ಅದನ್ನು ತಂದಿರಬೇಕು.

ಆ ವಾರವೇ ನಾನು ಹಕ್ಕಿಗಳ ಗೂಡು, ಹ್ಯಾಮ್‌ಸ್ಟರಿನ ಪಂಜರ ಎತ್ತಿಕೊಂಡು ಹಾಲ್‌ಗೆ ಬಂದೆ. "ಮೊಣಕಾಲು ನೋವಿನವಳು ಸೋಫಾದಲ್ಲಿ ಮಲಗ್ತಿಯಾ?" ಎಂದು ಮಗ ರೇಗಿದ. "ಹೂಂ ಅಂದವಳು ನಾನಲ್ಲವಾ?" ಅಂದೆ. ಅವಳ ಹತ್ತಿರ ಆಗಬೇಕೆಂದು ಹೂಂ ಅಂದವಳು ಅವಳ ಕೋಣೆಯಿಂದಲೇ ಹೊರಗೆ ಬಂದಿದ್ದೆ. ಮಂಚ ಇದ್ದ ಜಾಗದಲ್ಲಿ ಈಗ ಗಾಜಿನ ಪೆಟ್ಟಿಗೆ.

ಆದರೆ ಶಾಲೆಯಿಂದ ಬಂದವಳು ಹಾವನ್ನು ನೋಡಿ, ಬಾಗಿಲು ಹಾಕಿ, ಕೈ ತೊಳೆದು, ಅಂಗಿ ಬದಲಿಸಿ ನನ್ನ ಹತ್ತಿರ ಬರುತ್ತಾಳೆ. ಎರಡೂ ಕೈಗಳನ್ನು ನನ್ನ ಮೂಗಿಗೆ ಹಿಡಿದು, "ಸ್ಮೆಲ್ ಉಂಟಾ?" ಅನ್ನುತ್ತಾಳೆ. ಬರೀ ಸೋಪಿನ ಪರಿಮಳ. ಆಮೇಲೆ ಹ್ಯಾಮ್‌ಸ್ಟರನ್ನು ನನ್ನ ಸೆರಗಿನಲ್ಲಿ ಬಿಟ್ಟು, ಒರಗಿ ಕೂತು, ಹಾವಿನ ಸುದ್ದಿ ಹೇಳುತ್ತಾಳೆ, ಕನ್ನಡದಲ್ಲಿ! ಪೊರೆ ಎಂಬ ಮಾತು ಕಲಿತಿದ್ದಾಳೆ. ನನ್ನ ಎದೆ ತುಂಬಿ ಬರುತ್ತದೆ, ಯಾರಿಗೆ ಹೇಳಲಿ!

ಬರುವ ತಿಂಗಳು ನಾನು ಊರಿಗೆ. ಹಾಲ್‌ನಲ್ಲಿ ಆಮೇಲೆ ಈ ಸಣ್ಣ ಜೀವಗಳ ಕಾವಲಿಗೆ ಯಾರೂ ಇರುವುದಿಲ್ಲ. ದಿನಕ್ಕೆ ಹತ್ತು ಸಲ ಎದ್ದು ಆ ಕೋಣೆಯ ಬಾಗಿಲು ಭದ್ರವಾಗಿದೆಯಾ ಎಂದು ದೂಡಿ ನೋಡುತ್ತೇನೆ, ಒಳಗಿರುವ ನಾಗನಿಗೆ ಕ್ಷಮಿಸು ಎಂದು ಕೈಮುಗಿಯುತ್ತೇನೆ.

"ನೀನು ಹೋದ ಮೇಲೆ ಬಾಗಿಲು ನಾನೇ ನೋಡ್ತೇನೆ ಅಜ್ಜಿ, ಪ್ರಾಮಿಸ್" ಅಂದಳು ಇವತ್ತು ಬೆಳಿಗ್ಗೆ.

ಹೂಂ ಅಂದೆ. ಅವಳು ಶಾಲೆಯ ಬಸ್ಸು ಹತ್ತಿದ ಮೇಲೆ ಮತ್ತೆ ಎದ್ದು ಹೋಗಿ ಬಾಗಿಲು ದೂಡಿ ನೋಡಿದೆ.