ಕಮಲಾಪುರದಿಂದ ಹೊರಟ ಎಲುಬುಗಳು

ನಸುಕಿನಲ್ಲೇ ಬಂಡಿ ಏರಿ ಕುಳಿತಿದ್ದೆ. ಕಲಬುರಗಿಯಲ್ಲಿ ಸಂಜೆಯ ರೈಲು ಹಿಡಿಯಬೇಕಿತ್ತು. ಬಂಡಿಯ ಶರಣಪ್ಪ ಮಾತ್ರ ನೆಲದ ಮೇಲಿದ್ದ ಮರದ ಪೆಟ್ಟಿಗೆಯನ್ನು ಮುಟ್ಟಲೊಲ್ಲ. ಕಮಲಾಪುರದ ಆಚೆ, ಹೊಲದಲ್ಲಿದ್ದ ಕಲ್ಲುಗಳ ವರ್ತುಲವನ್ನು ಅಗೆದಾಗ ಸಿಕ್ಕ ಎಲುಬುಗಳು ಅದರಲ್ಲಿದ್ದವು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯರವಂತೆ.

"ಹೈದರಾಬಾದಿನಾಗ ಗಾಜಿನ ಕಪಾಟಿನಾಗ ಜೋಪಾನ ಇಡ್ತಾರಪ್ಪ. ದೂರದೂರದ ಮಂದಿ ನೋಡಾಕ ಬರ್ತಾರ" ಎಂದರು ಪೆಟ್ಟಿಗೆಯ ಜತೆಗಿದ್ದ ನಿಜಾಮ ಸರ್ಕಾರದ ಮುನ್ಷಿ.

"ನೋಡಾಕ ಮಂದಿ ಅದಾರ. ಹೆಗಲ ಕೊಡಾಕ ಯಾರೂ ಇಲ್ಲೇನ್ರಿ?" ಎಂದ ಶರಣಪ್ಪ. ಯಾರೂ ಹೆಗಲು ಕೊಡದ ಹೆಣ ಅವನ ಬಂಡಿ ಏರುವುದಿಲ್ಲವಂತೆ.

ರೈಲು ತಪ್ಪುತ್ತದೆಂಬ ಸಿಟ್ಟಿನಲ್ಲಿ ನಾನೇ ಇಳಿದು ಒಂದು ತುದಿಗೆ ಹೆಗಲು ಕೊಟ್ಟೆ. ಇನ್ನೊಂದು ತುದಿಗೆ ಮುನ್ಷಿ. ಭಾರವಿರುತ್ತದೆಂದು ಹಲ್ಲು ಕಚ್ಚಿದ್ದೆ. ಪೆಟ್ಟಿಗೆ ಖಾಲಿ ಬುಟ್ಟಿಯಷ್ಟು ಹಗುರವಿತ್ತು. ಎತ್ತುವಾಗ ಒಳಗೆ ಏನೋ ಉರುಳಿ ಬಂದು ನನ್ನ ಕಿವಿಯ ಪಕ್ಕ ನಿಂತಿತು.

ಹೊರಡುವ ಮುಂಚೆ ಶರಣಪ್ಪ ಎತ್ತುಗಳ ಕೊರಳ ಗಂಟೆ ಬಿಚ್ಚಿಟ್ಟ.

ಕಲಬುರಗಿ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಬಾಳೆಗೊನೆಗಳ ಜತೆ ನಿಂತಿದ್ದ ರೈಲಿನ ಸಾಮಾನಿನ ಡಬ್ಬಿ ಸೇರಿತು. ಶರಣಪ್ಪ ಅಂಗಳದ ಬಾವಿಯಿಂದ ನೀರು ಸೇದಿ, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡ. ಮತ್ತೊಂದು ಕೊಡ ಸೇದಿ ನನ್ನ ಮುಂದಿಟ್ಟ.

"ನೀವೂ ಹಾಕ್ಕೋರಿ. ಹೆಗಲ ಕೊಟ್ಟೀರಿ."

ಅಷ್ಟರಲ್ಲಿ ರೈಲು ಕೂಗಿತು. ಒಣ ತಲೆಯಲ್ಲೇ ಓಡಿ ಹತ್ತಿದೆ.